ಬಾಗಿಲ ಪಕ್ಕದ ಗೆರೆಗಳು

ಕಣ್ಣಾಸ್ಪತ್ರೆಯಲ್ಲಿ ಸರದಿ ಕಾಯುತ್ತಾ ಕೂತು ಕೂತು ಪೇಂಟರನೊಬ್ಬನಿಗೆ ರೇಗಿಹೋಗಿತ್ತು. ಪಕ್ಕದ ಬೆಂಚಿನಲ್ಲಿ ಅತ್ತಿಗೆ-ನಾದಿನಿಯರಾದ ಇಬ್ಬರು ಮುದುಕಿಯರು ಮಾತಾಡುತ್ತಿದ್ದರು.

“ಚರ್ಚಿನವರೆಲ್ಲ ಹತ್ತು ದಿನ ಸೇವೆಗೆ ಅಂತ ಹೋಗಿದ್ವಲ್ಲ ಅತ್ತಿಗೆ, ಆ ಗುಡ್ಡದ ಶಾಲೆ ನೆನಪಿದೆಯಾ?”

“ಮರೆಯೋದುಂಟೇನೇ? ಗೋಡೆಗೆಲ್ಲ ಬಣ್ಣ ಹೊಡೆದದ್ದು ನಾವೇ ಅಲ್ವಾ.”

“ಬಾಗಿಲ ಪಕ್ಕದ ಪೆನ್ಸಿಲ್ ಗೆರೆಗಳ ಮೇಲೂ ಹೊಡೆದ್ವಿ. ಟೀಚರಮ್ಮ ವರ್ಷಾವರ್ಷ ಮಕ್ಕಳ ಎತ್ತರ ಅಳೆದು ಹಾಕಿದ್ದ ಗುರುತು ಅವು.”

‘ಒಂದು ಮಾತು ಕೇಳಿ ಹೊಡೀಬಾರದಿತ್ತಾ!’ ಎಂಬ ಬೈಗುಳ ಪೇಂಟರನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ.

“ಮಕ್ಕಳ ಗೀಚಾಟ ಅಂದ್ಕೊಂಡೆ ಕಣೇ. ಎರಡೆರಡು ಕೋಟು ಹೊಡೆದವಳು ನಾನೇ. ಆಯಮ್ಮ ಒಂದು ಮಾತೂ ಆಡ್ಲಿಲ್ಲ.”

“ಹೊರಡೋ ದಿನ ನಮ್ಮ ಹನ್ನೆರಡು ಜನರನ್ನೂ ಅಲ್ಲೇ ನಿಲ್ಲಿಸಿ ಗೆರೆ ಎಳೆದ್ರು. ‘ಮತ್ತೆ ಬನ್ನಿ, ಎಷ್ಟು ಬೆಳೆದಿದ್ದೀರಿ ನೋಡ್ತೀನಿ’ ಅಂದ್ರು.”

“ಮೂವತ್ತು ವರ್ಷ ಆಯ್ತು. ತಪ್ಪಾಯ್ತು ಅನ್ನೋಕೂ ಹೋಗ್ಲಿಲ್ಲ ನಾನು.”

“ಟೀಚರಮ್ಮ ಇನ್ನೂ ಇದ್ದಾರಂತೆ. ಹೋಗೋಣ್ವಾ?”

ಒಳಗಿಂದ ನರ್ಸು ಕರೆದಳು. ಅತ್ತಿಗೆ ನಾದಿನಿಯ ಭುಜ ಹಿಡಿದು ಎದ್ದರು.

“ಹೋಗೋಣ. ಬೆನ್ನು ಬಗ್ಗಿ ಆ ಗೆರೆಗಿಂತ ಗೇಣು ಕೆಳಗಿಳಿದಿದ್ದೀನಿ, ನೋಡಿ ನಗಲಿ ಆಯಮ್ಮ.”