ಚೆಂಡನ್ನು ಹೊರಗೆ ಒದ್ದ ನಾಯಕ

ದಿನವೂ ಒಂದೂರಿನ ಶ್ರೀಮಂತನ ಕಥೆ ಕೇಳಿ ಕೇಳಿ ನಿಮಗೂ ಸಾಕಾಗಿರಬೇಕು, ಪಾಪ, ಆ ಶ್ರೀಮಂತನಿಗೂ ಸಾಕಾಗಿರಬೇಕು. ಇವತ್ತು ಅವನು ಮನೆಯಲ್ಲೇ ಇರಲಿ. ಇವತ್ತು ಒಂದು ದೊಡ್ಡ ದೇಶ, ಒಂದು ಚಿಕ್ಕ ದೇಶ. ಎರಡಕ್ಕೂ ಒಂದೇ ಆಟದ ಹುಚ್ಚು. ರಗ್ಬಿ ಅಂತ ಅದರ ಹೆಸರು. ಹಿಂದೆ ಕುಳಿತವರು ನಗುತ್ತಿದ್ದೀರಿ, ಸ್ವಾಮಿಗಳಿಗೆ ಈ ಆಟದ ಗೊಡವೆ ಯಾಕೆ ಅಂತ. ನಗಿ. ಕಥೆ ಮುಗಿಯುವಾಗಲೂ ನಗುತ್ತೀರೋ ನೋಡೋಣ.

ಆ ಆಟದ ಚೆಂಡು ದುಂಡಗಿರುವುದಿಲ್ಲ, ಸುಲಿಯದ ತೆಂಗಿನಕಾಯಿಯ ಹಾಗಿರುತ್ತದೆ. ಅದನ್ನು ಎದೆಗೆ ಅವುಚಿಕೊಂಡು ಓಡಿ, ಎದುರಾಳಿಯ ಗೆರೆ ದಾಟಿ ನೆಲಕ್ಕೆ ಮುಟ್ಟಿಸಬೇಕು. ನಡುನಡುವೆ ಎರಡೂ ಕಡೆಯ ಎಂಟೆಂಟು ಧಡೂತಿ ಆಳುಗಳು ಹೆಗಲಿಗೆ ಹೆಗಲು ಕೊಟ್ಟು, ತಲೆ ಬಗ್ಗಿಸಿ, ನಡುವೆ ಹಾಕಿದ ಚೆಂಡನ್ನು ಕಾಲಿನಿಂದ ತಮ್ಮ ಹಿಂದಕ್ಕೆ ಹೊರಳಿಸಿಕೊಳ್ಳಲು ಒಬ್ಬರನ್ನೊಬ್ಬರು ತಳ್ಳುತ್ತಾರೆ. ಇನ್ನೊಂದು ನಿಯಮ ಇದೆ ನೋಡಿ, ಇದನ್ನು ಮರೆಯಬೇಡಿ. ಹೊತ್ತು ಮುಗಿಯಿತೆಂದು ಗಂಟೆ ಹೊಡೆದರೂ ಆಟ ಮುಗಿಯುವುದಿಲ್ಲ. ಚೆಂಡು ಕೈಯಲ್ಲಿರುವವರು ಅದನ್ನು ಕಳೆದುಕೊಳ್ಳದೆ ಆಡುತ್ತಿರುವಷ್ಟು ಹೊತ್ತೂ ಆಟ ನಡೆಯುತ್ತದೆ. ಚೆಂಡು ಮೈದಾನದ ಹೊರಗೆ ಹೋಯಿತೋ, ಮುಗಿಯಿತು.

ಚಿಕ್ಕ ದೇಶ ದೊಡ್ಡ ದೇಶದ ಎದುರು ಒಮ್ಮೆಯೂ ಗೆದ್ದಿರಲಿಲ್ಲ. ಸೋಲು ಅಂದರೆ ಅಂತಿಂಥ ಸೋಲಲ್ಲ, ಪ್ರತಿಸಲವೂ ಮಣ್ಣು ಮುಕ್ಕಿ ಬರುತ್ತಿದ್ದರು. ಅವರ ನಾಯಕ ಒಳ್ಳೆಯವನು, ಬುದ್ಧಿವಂತ, ಎಲ್ಲರಿಗೂ ಬೇಕಾದವನು. ಆ ಸಲ ದೊಡ್ಡವರ ನೆಲಕ್ಕೆ ಹೊರಟಾಗ ಅವನ ಮನಸ್ಸಿನಲ್ಲಿ ಇದ್ದದ್ದು ಒಂದೇ ಆಸೆ, ಈ ಸಲ ಮರ್ಯಾದೆಯಿಂದ ಸೋತು ಬರಬೇಕು. ಗೆಲ್ಲಬೇಕು ಅನ್ನುವ ಆಸೆ ಇದ್ದದ್ದು ತಂಡದ ಹಿರಿಯನಿಗೆ. ಮುಂದಿನ ಸಾಲಿನಲ್ಲಿ ನಿಂತು ತಳ್ಳಿ ತಳ್ಳಿ ಅವನ ಕಿವಿ ಜಜ್ಜಿಹೋಗಿತ್ತು, ಮಂಡಿ ಸವೆದಿತ್ತು. ಅದೇ ಅವನ ಕೊನೆಯ ಆಟ. ಅವನ ಮಗಳು ಮನೆಯಲ್ಲಿ ಟಿವಿ ಮುಂದೆ ಕೂರುತ್ತಿದ್ದದ್ದು ದೊಡ್ಡ ದೇಶದ ಅಂಗಿ ತೊಟ್ಟುಕೊಂಡು. ಅವರ ಊರಿನ ಅಂಗಡಿಗಳಲ್ಲಿ ಸಿಗುತ್ತಿದ್ದದ್ದೇ ಅದು. ಸೋಲುವವರ ಅಂಗಿಯನ್ನು ಯಾರು ಮಾರುತ್ತಾರೆ, ಹೇಳಿ?

ಆಟ ಶುರುವಾಯಿತು. ಆ ದಿನ ಏನಾಯಿತೋ, ಚಿಕ್ಕವರು ಬಿದ್ದರೂ ಏಳುತ್ತಾರೆ, ಮತ್ತೆ ಬಿದ್ದರೂ ಮತ್ತೆ ಏಳುತ್ತಾರೆ. ನೋಡಲು ಬಂದ ದೊಡ್ಡವರ ಕಡೆಯವರು ತಿಂಡಿ ತಿನ್ನುತ್ತ ಹರಟುತ್ತಿದ್ದವರು ಮೆಲ್ಲಗೆ ತಿನ್ನುವುದನ್ನು ನಿಲ್ಲಿಸಿದರು. ಕೊನೆಯ ಗಂಟೆ ಹೊಡೆದಾಗ ಚಿಕ್ಕವರು ನಾಲ್ಕೇ ಅಂಕ ಹಿಂದಿದ್ದರು. ಒಂದು ಸಲ ಗೆರೆ ದಾಟಿದರೆ ಐದು ಅಂಕ. ತಳ್ಳಾಟಕ್ಕೆ ಚೆಂಡು ಹಾಕುವ ಸರದಿಯೂ ಅವರದೇ, ಗೆರೆಯೂ ಅಲ್ಲೇ ಕಣ್ಣೆದುರಿಗೆ ಇತ್ತು.

ತಲೆ ಬಗ್ಗಿಸುವ ಮೊದಲು ಹಿರಿಯ ಬಂದು ನಾಯಕನ ತೋಳು ಹಿಡಿದ. "ತಮ್ಮಾ, ಅವರ ಕಾಲು ನಡುಗ್ತಾ ಇದೆ. ಹೋದ ಸಲ ತಳ್ಳಿದಾಗಲೇ ನನ್ನ ಹೆಗಲಿಗೆ ಗೊತ್ತಾಯ್ತು. ಚೆಂಡು ತೆಗೀಬೇಡ. ಇನ್ನೊಂದು ಸಲ ತಳ್ತೀವಿ, ಬಿಡು."

ನಾಯಕ ತಲೆಯಾಡಿಸಿದ. ಅವರು ತಳ್ಳಿದರು. ದೊಡ್ಡವರ ಸಾಲು ಒಂದು ಹೆಜ್ಜೆ ಹಿಂದೆ ಹೋಯಿತು, ನಿಜವಾಗಿಯೂ ಹೋಯಿತು. ಚೆಂಡು ಉರುಳಿ ಬಂದು ಹಿಂದೆ ನಿಂತಿದ್ದ ನಾಯಕನ ಕಾಲಬಳಿ ನಿಂತಿತು. ಆಗ ಅವನ ಎದೆಯೊಳಗೆ ಏನು ಬಂತು ಗೊತ್ತೇ? ಆಸೆ ಬರಲಿಲ್ಲ, ಲೆಕ್ಕಾಚಾರ ಬಂತು. ಈಗ ಚೆಂಡು ಕೈ ತಪ್ಪಿದರೆ, ಅವರಲ್ಲೊಬ್ಬ ಅದನ್ನು ಕಿತ್ತುಕೊಂಡು ಓಡಿದರೆ, ಮತ್ತೆ ದೊಡ್ಡ ಸೋಲು. ನಾಲ್ಕೇ ಅಂಕದ ಸೋಲು ತಮ್ಮ ದೇಶಕ್ಕೆ ಯಾವತ್ತು ಸಿಕ್ಕಿತ್ತು? ಅಷ್ಟಾದರೂ ಆಯಿತಲ್ಲ ಅಂದುಕೊಂಡ. ಚೆಂಡನ್ನು ಎತ್ತಿಕೊಂಡ, ಮೈದಾನದ ಹೊರಗೆ ಒದ್ದ. ಆಟ ಮುಗಿಯಿತು.

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಚಪ್ಪಾಳೆಯಲ್ಲಿ ಯಾರಿಗೇನು ಖರ್ಚು? ದೊಡ್ಡವರ ನಾಯಕ ಹುಲ್ಲಿನ ಮೇಲೆ ಕುಸಿದು ಕುಳಿತಿದ್ದ, ಎದ್ದು ಕೈಕುಲುಕುವುದಕ್ಕೂ ಅವನಲ್ಲಿ ತ್ರಾಣವಿರಲಿಲ್ಲ. ಕುಳಿತಲ್ಲಿಂದಲೇ ಕೇಳಿದ. "ಇನ್ನೊಂದು ಚೂರು ತಳ್ಳಿದ್ರೆ ನಾವು ಮಲಗಿಬಿಡ್ತಿದ್ವಿ. ನೀವ್ಯಾಕೆ ಬಿಟ್ರಿ?"

ಅವನು ಅಣಕಿಸಲಿಲ್ಲ, ನಿಜಕ್ಕೂ ಅರ್ಥವಾಗದೆ ಕೇಳಿದ. ಚಿಕ್ಕವರ ನಾಯಕ ಕೈಕುಲುಕಲು ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

ಊರಿಗೆ ಬಂದರೆ ಹಾರ, ವಾದ್ಯ, ಮೆರವಣಿಗೆ. ವೇದಿಕೆಯ ಮೇಲೆ ದೊಡ್ಡ ಮನುಷ್ಯರು ಒಬ್ಬರಾದ ಮೇಲೊಬ್ಬರು ಎದ್ದು, ಇದು ಸೋಲಲ್ಲ, ಗೆಲುವಿಗೆ ಸಮಾನ ಎಂದು ಭಾಷಣ ಬಿಗಿದರು. ನಾಯಕನೂ ಮೈಕಿನ ಮುಂದೆ ಅದನ್ನೇ ಹೇಳಿದ. ಹಿರಿಯ ವೇದಿಕೆ ಹತ್ತಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ನಾಯಕನೇ ಅವನನ್ನು ಹುಡುಕಿಕೊಂಡು ಹೋದ. ಬೈಯಿಸಿಕೊಂಡರಾದರೂ ಎದೆ ಹಗುರಾಗಬಹುದು ಅಂತ.

ಹಿರಿಯ ಬೈಯಲಿಲ್ಲ. "ಸೋತಿದ್ರೆ ನಿನ್ನ ಪಕ್ಕದಲ್ಲೇ ಕೂತ್ಕೊಂಡು ಅಳ್ತಿದ್ದೆ ತಮ್ಮಾ. ನಾವು ಸೋಲಲಿಲ್ಲ. ನಿಲ್ಲಿಸಿಬಿಟ್ವಿ," ಅಂದ. ಅಷ್ಟು ಹೇಳಿ ಕುಂಟುತ್ತ ಮನೆಗೆ ಹೋದ.

ಮುಂದಿನ ಸಲ ದೊಡ್ಡವರು ಎಚ್ಚೆತ್ತುಕೊಂಡಿದ್ದರು, ಚಿಕ್ಕವರನ್ನು ಮೊದಲಿಗಿಂತ ಕೆಟ್ಟದಾಗಿ ಸದೆಬಡಿದರು. ಅಂಥ ದಿನ ಮತ್ತೆ ಬರಲೇ ಇಲ್ಲ. ಈಗಲೂ ದಾರಿಯಲ್ಲಿ ಸಿಕ್ಕವರು ಆ ನಾಯಕನ ಕೈಕುಲುಕಲು ಬರುತ್ತಾರೆ, ಎಂಥಾ ಆಟ ಆಡಿದಿರಿ ಅನ್ನುತ್ತಾರೆ. ಅವನು ಕೈಯನ್ನು ಜೇಬಿಗೆ ಹಾಕಿಕೊಳ್ಳುತ್ತಾನೆ.

ಚ್ ಚ್ ಅನ್ನುತ್ತಿದ್ದೀರಿ. ಯಾರಿಗೆ ಚ್ ಚ್? ಆ ನಾಯಕನಿಗೋ? ಅವನು ಎಲ್ಲೋ ದೂರದೇಶದವನು, ನಿಮ್ಮ ಮರುಕದಿಂದ ಅವನಿಗೆ ಆಗಬೇಕಾದ್ದೇನೂ ಇಲ್ಲ. ಈ ಸಭೆಯಲ್ಲಿ ಎಷ್ಟು ಜನ ನಾಯಕರು ಕುಳಿತಿದ್ದೀರಿ, ಅದನ್ನು ಹೇಳಿ. ಮೊನ್ನೆ ಒಬ್ಬ ತಾಯಿ ಬಂದು, ಮಗ ಮೊದಲು ದಿನಾ ಹೆಂಡತಿಗೆ ಹೊಡೆಯುತ್ತಿದ್ದ, ಬುದ್ಧಿ ಹೇಳಿದ ಮೇಲೆ ಈಗ ಕುಡಿದಾಗ ಮಾತ್ರ ಹೊಡೆಯುತ್ತಾನೆ, ಅಷ್ಟಾದರೂ ಆಯಿತಲ್ಲ ಅಂದರು. ಆ ಸೊಸೆ ಪಕ್ಕದಲ್ಲೇ ನಿಂತಿದ್ದಳು. ಅವಳ ಮುಖ ನೋಡಬೇಕಿತ್ತು ನೀವು.

ಬೇರೆಯವರ ಮನೆ ಮಾತು ಯಾಕೆ, ನಮ್ಮ ಮಠದ್ದೇ ಹೇಳೋಣ. ಕೇರಿಯವರು ಮೊದಲು ದಾಸೋಹಕ್ಕೆ ಬಂದರೆ ಅಂಗಳದಲ್ಲಿ ಕೂರುತ್ತಿದ್ದರು. ಹೋದ ವರ್ಷ ಎಲ್ಲರಿಗೂ ಒಂದೇ ಪಂಕ್ತಿ ಅಂತ ನಾವೇ ಅಪ್ಪಣೆ ಮಾಡಿದೆವು. ಕೂತಿರಿ. ಯಾರೋ ಒಂದಿಬ್ಬರು ಗೊಣಗಿದರು, ಎಲೆ ಪಕ್ಕಕ್ಕೆ ಎಳೆದುಕೊಂಡರು. ಅಷ್ಟಕ್ಕೇ ಕಮಿಟಿಯವರು ಓಡಿಹೋಗಿ ಕೇರಿಯವರನ್ನು ಎಬ್ಬಿಸಿ ಗೋಡೆಯ ಪಕ್ಕಕ್ಕೆ ಬೇರೆ ಸಾಲು ಮಾಡಿಸಿದರು. ನಮ್ಮ ಕೊಟ್ರಬಸಪ್ಪನವರು, ಕಮಿಟಿಯ ಅಧ್ಯಕ್ಷರು, ಇಲ್ಲೇ ಮುಂದೆ ಕುಳಿತಿದ್ದಾರೆ, ಆಗ ಬಂದು ಏನಂದರು? "ಅಂಗಳದಿಂದ ಒಳಗೆ ಬಂದ್ರಲ್ಲ ಬುದ್ಧಿ, ಅಷ್ಟಾದ್ರೂ ಆಯ್ತಲ್ಲ." ಪೇಪರಿನಲ್ಲಿ ಫೋಟೋ ಬಂತು, ಶಾಲು ಹೊದಿಸಿಕೊಂಡರು.

ಆ ದಿನ ಗೊಣಗಿದವರಲ್ಲಿ ಒಬ್ಬ ಹಿರಿಯರು ಆಮೇಲೆ ನಮ್ಮ ಹತ್ತಿರ ಬಂದಿದ್ದರು. ಅವರು ಹೇಳಿದ ಮಾತು ಕೇಳಿ. "ಬುದ್ಧಿ, ಅವರನ್ನ ಎಬ್ಬಿಸದೇ ಇದ್ದಿದ್ರೆ ನಾನು ಉಂಡು ಹೋಗ್ತಿದ್ದೆ. ಹೊಟ್ಟೆ ಹಸಿದಿತ್ತು."

ಕೇಳಿದಿರಾ? ಅವರ ಕಾಲು ನಡುಗುತ್ತಿತ್ತು. ಚೆಂಡು ಹೊರಗೆ ಒದ್ದದ್ದು ನೀವು.

ಆದ್ದರಿಂದ ಇವತ್ತಿನಿಂದ, ಅಷ್ಟಾದರೂ ಆಯಿತಲ್ಲ ಅನ್ನುವ ಮಾತನ್ನು ಬಾಯಿಂದ ತೆಗೆದುಹಾಕಿ. ಅರ್ಧ ಮಾಡಿದ ನ್ಯಾಯಕ್ಕೆ ಹಾರ ಹಾಕಿಸಿಕೊಳ್ಳಬೇಡಿ. ಮನೆಯಲ್ಲಿ ಹೊಡೆತ ಕಡಿಮೆಯಾದರೆ ಸಾಲದು, ನಿಲ್ಲಬೇಕು. ನಿಲ್ಲುವವರೆಗೆ ಆ ತಾಯಿ ಮಗನಿಗೆ ತಟ್ಟೆ ಇಡಬಾರದು.

ಊಟದ ಗಂಟೆ ಹೊಡೆಯಿತು. ಗಂಟೆ ಹೊಡೆದ ಮಾತ್ರಕ್ಕೆ ಮುಗಿಯುವುದಿಲ್ಲ ಅಂತ ಆಗಲೇ ಹೇಳಿದೆವು. ಕೇರಿಯವರು ಒಳಗೆ ಹೋಗಿ ಎಲ್ಲ ಸಾಲುಗಳಲ್ಲೂ ಒಂದು ಎಲೆ ಬಿಟ್ಟು ಒಂದಕ್ಕೆ ಕುಳಿತಿದ್ದಾರೆ. ನಡುವಿನ ಎಲೆಗಳು ನಿಮ್ಮವು, ಅವುಗಳಲ್ಲಿ ಒಂದು ನಮ್ಮದು. ಇವತ್ತು ಬೇರೆ ಎಲ್ಲೂ ಎಲೆ ಹಾಕಿಸಿಲ್ಲ. ಕೊಟ್ರಬಸಪ್ಪನವರೇ, ಮೊದಲು ನೀವು ಏಳಿ. ಹಸಿದವರು ಹಿಂದೆ ಬರುತ್ತಾರೆ.