ಗಂಟಲು ಕಟ್ಟಿದ ವಾರ

ಈ ಸಭೆಯ ಅಧ್ಯಕ್ಷರೂ ನಮ್ಮ ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರೂ ಆಗಿರುವ ಮಾನ್ಯರೇ, ಮುಖ್ಯ ಅತಿಥಿಗಳಾಗಿ ದಯಮಾಡಿಸಿರುವ ಕಿವಿ, ಮೂಗು, ಗಂಟಲಿನ ಡಾಕ್ಟರೇ, ಬೇಗ ಮುಗಿಸಿ ಎಂದು ಈಗಷ್ಟೇ ನನ್ನ ಕಿವಿಯಲ್ಲಿ ಉಸುರಿದ ಮುಖ್ಯೋಪಾಧ್ಯಾಯಿನಿಯವರೇ, ಸಹೋದ್ಯೋಗಿಗಳೇ, ತಮ್ಮ ಮಗುವಿನ ನೃತ್ಯ ಯಾವಾಗ ಎಂದು ಚಡಪಡಿಸುತ್ತಿರುವ ಪೋಷಕರೇ, ಸಭಿಕರೇ, ಮತ್ತು ಪರದೆಯ ಹಿಂದೆ ತಳ್ಳಾಡುತ್ತಿರುವ ನನ್ನ ಎರಡನೇ ತರಗತಿಯ ಗುರುಗಳೇ,

ಹೌದು, ಗುರುಗಳೇ ಎಂದೆ. ಬಾಯಿ ತಪ್ಪಿ ಬಂದದ್ದಲ್ಲ. ನನ್ನನ್ನು ಇಲ್ಲಿ ನಿಲ್ಲಿಸಿರುವುದು ನಮ್ಮ ತರಗತಿಯ ‘ಕಲಿಕಾ ವಾರ’ದ ವರದಿ ಓದುವುದಕ್ಕೆ. ವರದಿಯನ್ನು ಮನೆಯಲ್ಲೇ ಮರೆತು ಬಂದಿದ್ದೇನೆ. ಮುಖ್ಯೋಪಾಧ್ಯಾಯಿನಿಯವರು ಗಾಬರಿಯಾಗಬಾರದು. ನಡೆದದ್ದನ್ನು ಹೇಳಲು ಕಾಗದ ಯಾಕೆ?

ಆ ಸೋಮವಾರ ಬೆಳಿಗ್ಗೆ ಎದ್ದರೆ ನನ್ನ ಗಂಟಲು ಕಟ್ಟಿತ್ತು. ಬಾಯಿ ತೆರೆದರೆ ಸೈಕಲ್ ಪಂಪಿನ ಸದ್ದು. ಡಾಕ್ಟರ ಹತ್ತಿರ ಓಡಿದೆ. ಇವರೇ, ಇಲ್ಲಿ ಕೂತಿರುವವರೇ. ಟಾರ್ಚ್ ಬಿಟ್ಟು ನೋಡಿ, "ಎಷ್ಟು ವರ್ಷದಿಂದ ಕಿರುಚ್ತಾ ಇದ್ದೀರಮ್ಮ? ಒಂದು ವಾರ ಪಿಸುಮಾತೂ ಆಡಕೂಡದು" ಎಂದರು. ಆಗ ಮನೆಗೆ ಬಂದಿದ್ದ ನನ್ನ ಅಕ್ಕ ‘ಅಯ್ಯೋ ಪಾಪ’ ಎನ್ನಬೇಕಿತ್ತು, ಅಲ್ಲವೇ? "ಒಂದು ವಾರಾನಾ? ಇನ್ನೂ ಎರಡು ದಿನ ಇದ್ದು ಹೋಗ್ತೀನಿ ಬಿಡು" ಎಂದಳು.

ರಜೆ ಕೇಳಿ ಚೀಟಿ ಬರೆದೆ. ಮುಖ್ಯೋಪಾಧ್ಯಾಯಿನಿಯವರು, "ಬದಲಿಗೆ ಯಾರೂ ಇಲ್ಲ. ಸುಮ್ನೆ ಬಂದು ಕೂತ್ಕೊಳ್ಳಿ ಸಾಕು. ನಿಮ್ಮ ಮುಖ ನೋಡಿದ್ರೇ ಮಕ್ಕಳು ಹೆದರ್ತಾರೆ" ಎಂದರು. ಇಷ್ಟು ವರ್ಷದ ಸೇವೆಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕೇ ಸಭಿಕರೇ?

ಮುಖ ತೆಗೆದುಕೊಂಡು ತರಗತಿಗೆ ಹೋದೆ. ಯಾರೂ ಹೆದರಲಿಲ್ಲ. ಕೊನೆಗೆ ಬೋರ್ಡಿನ ಮೇಲೆ ಬರೆದೆ: ‘ಈ ವಾರ ನೀವೇ ಟೀಚರ್. ನಿಮಗೆ ಬರುವ ಏನಾದರೊಂದನ್ನು ನನಗೆ ಕಲಿಸಿ.’ ಬರೆದು, ಖಾಲಿಯಿದ್ದ ಒಂದೇ ಜಾಗದಲ್ಲಿ ಹೋಗಿ ಕೂತೆ. ಅದು ಕಿಟಕಿಯ ಪಕ್ಕದ ಬೆಂಚು. ಅಲ್ಲಿ ಕೂರುವ ಹುಡುಗಿಯನ್ನು ನಾವೆಲ್ಲ ಕಿಟಕಿ ಎಂದೇ ಕರೆಯುತ್ತೇವೆ.

ಕಿಟಕಿಯ ವಿಷಯ ನಿಮಗೆ ಹೇಳಲೇಬೇಕು. ಶಾಲೆಗೆ ಸೇರಿದಾಗಿನಿಂದ ಅವಳು ಇಲ್ಲಿ ಒಂದು ಮಾತೂ ಆಡಿಲ್ಲ. ಲೆಕ್ಕ ಸರಿ, ಅಕ್ಷರ ಗುಂಡಗೆ. ಮಾತು ಮಾತ್ರ ಇಲ್ಲ. ಅವಳ ಅಮ್ಮ ಬಸ್ ಕಂಡಕ್ಟರ್. ಕರೆಸಿ ಕೇಳಿದರೆ, "ಮನೇಲಿ ಇವಳ ಬಾಯಿ ಮುಚ್ಚಿಸೋಕೆ ನಾನು ವಿಸಿಲ್ ಊದಬೇಕು ಮೇಡಂ" ಎಂದರು. ನಾನೂ ಸುಮ್ಮನಿರಲಿಲ್ಲ. "ಬಾಯಲ್ಲೇನು ನೀರು ತುಂಬ್ಕೊಂಡಿದ್ದೀಯಾ?" ಎಂದು ದಿನವೂ ಕೂಗುತ್ತಿದ್ದೆ. ವಿಷಯ ಆಡಳಿತ ಮಂಡಳಿಗೆ ಹೋಯಿತು. ಮಾತಾಡದ ಮಗು ಮೂರನೇ ತರಗತಿಗೆ ಬೇರೆ ಶಾಲೆ ನೋಡಿಕೊಳ್ಳಲಿ ಎಂಬ ಮಾತು ಬಂತು. ಸ್ವತಃ ನೋಡಿಯೇ ತೀರ್ಮಾನಿಸುತ್ತೇನೆ ಎಂದರು ನಮ್ಮ ಅಧ್ಯಕ್ಷರು. ಅವರು ಬರಬೇಕಾಗಿದ್ದದ್ದು ಅದೇ ವಾರದ ಶನಿವಾರ.

ಇರಲಿ, ಮೊದಲು ನನ್ನ ಕಲಿಕೆಗೆ ಬರೋಣ. ಮೊದಲ ಪಾಠ ಮಾಡಿದವನು ರೇಡಿಯೋ. ಬಾಯಿ ನಿಲ್ಲದ ಹುಡುಗನಿಗೆ ನಾವಿಟ್ಟ ಹೆಸರು ಅದು. ಅವನ ವಿಷಯ, ‘ಅಪ್ಪನಿಗೆ ಫೋನ್ ಬಂದಾಗ’. "ಫೋನ್ ಎತ್ತಿ ಅಪ್ಪನ ಮುಖ ನೋಡಬೇಕು ಮಿಸ್. ಅಪ್ಪ ಕೈ ಹೀಗೆ ಆಡಿಸಿದ್ರೆ, ಸ್ನಾನ ಮಾಡ್ತಿದ್ದಾರೆ ಅನ್ಬೇಕು. ತಕ್ಷಣ ಹೇಳ್ಬಾರ್ದು, ಹುಡುಕೋ ಥರ ಸ್ವಲ್ಪ ಸುಮ್ನಿರಬೇಕು." ಹಗಲೆಲ್ಲ ಸ್ನಾನ ಮಾಡುವ ಆ ಶುಚಿಯಾದ ತಂದೆ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ದಯವಿಟ್ಟು ಯಾರೂ ತಿರುಗಿ ನೋಡಬೇಡಿ. ನೋಡಿದಿರಾ? ಸರಿ, ಆದದ್ದಾಯಿತು.

ಮರುದಿನ ಎರಡು ಜಡೆಯ ಪುಟ್ಟಿ ಅಳುವುದನ್ನು ಕಲಿಸಿದಳು. "ಮೊದಲು ಕೆಳತುಟಿ. ಕಣ್ಣೀರು ಆಮೇಲೆ. ಅಜ್ಜಿ ಮನೇಲಿದ್ರೆ ಕಣ್ಣೀರು ಬೇಕಾಗಲ್ಲ." ಇಡೀ ತರಗತಿ ತುಟಿ ಮುಂದೆ ಮಾಡಿ ಅಭ್ಯಾಸ ಮಾಡಿತು. ನಿಮ್ಮ ಮನೆಗಳಲ್ಲಿ ಆ ವಾರ ಚಾಕೊಲೇಟಿನ ಖರ್ಚು ಏರಿದ್ದರೆ ಕಾರಣ ಈಗ ಗೊತ್ತಾಯಿತಲ್ಲ?

ದರ್ಜಿಯ ಮಗ ಬೂಟಿನ ದಾರ ಕಟ್ಟುವುದನ್ನು ಕಲಿಸಿದ. ನಗಬೇಡಿ. ನನಗೆ ಬರುತ್ತಿರಲಿಲ್ಲ. ನನಗೆ ಹಿಮ್ಮಡಿ ನೋವು, ಬೂಟು ಹಾಕಲೇಬೇಕು. ದಾರವನ್ನು ಯಾವಾಗಲೂ ನಮ್ಮ ಮನೆಯವರೇ ಕಟ್ಟುತ್ತಿದ್ದರು. "ಮಹಾರಾಣಿ, ಕಾಲು ಈ ಕಡೆ" ಎಂದು ಗೊಣಗುತ್ತಾ ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂರುತ್ತಿದ್ದರು. ಅವರು ಹೋದ ಮೇಲೆ ಬೂಟು ಮಂಚದ ಕೆಳಗೇ ಉಳಿಯಿತು. ಚಪ್ಪಲಿ ಹಾಕಿಕೊಂಡು ಕುಂಟಿದೆ. ಕಟ್ಟಲು ಬರುವುದಿಲ್ಲ ಎಂದು ಯಾರಿಗೆ ಹೇಳಲಿ, ಈ ವಯಸ್ಸಿನಲ್ಲಿ? ಆ ಹುಡುಗ ಮಾತ್ರ, "ಪರ್ವಾಗಿಲ್ಲ ಮಿಸ್, ನಂಗೂ ಮೊದ್ಲು ಬರ್ತಿರ್ಲಿಲ್ಲ" ಎಂದ.

ಇದನ್ನೆಲ್ಲ ಯಾಕೆ ಹೇಳಿದೆನೋ. ವರದಿಯಲ್ಲಿ ಇರಲಿಲ್ಲ. ಇರಲಿ, ಬೇಕಾದರೆ ನನ್ನ ಕಾಲು ನೋಡಿ, ಇವತ್ತು ನಾನೇ ಕಟ್ಟಿದ್ದು.

ಆ ವಾರ ಇನ್ನೊಂದು ಸಂಗತಿ ಗೊತ್ತಾಯಿತು. ಗಂಟಲು ಹೋದವರಿಗೆ ಕಿವಿಯೂ ಹೋಗಿದೆ ಎಂದು ಜನ ನಂಬಿಬಿಡುತ್ತಾರೆ! ನಮ್ಮ ಆಯಾ ಬಾಗಿಲಲ್ಲಿ ನಿಂತು, "ಟೀಚರ್, ಕಾಫಿ! ಕಾಫೀ ಬೇಕಾ?" ಎಂದು ಬೀದಿಗೆಲ್ಲ ಕೇಳುವಂತೆ ಕಿರುಚಿದಳು. ನಾನು ತಲೆ ಚಚ್ಚಿಕೊಂಡೆ. ಪಕ್ಕದಲ್ಲಿ ಕಿಟಕಿ ನನ್ನನ್ನು ನೋಡಿ, ಕಣ್ಣುಗುಡ್ಡೆ ಮೇಲೆ ಮಾಡಿ, ನಿಟ್ಟುಸಿರು ಬಿಟ್ಟಳು. ‘ನಂಗೆ ದಿನಾ ಇದೇ ಗೋಳು’ ಎಂದು ಅದರ ಅರ್ಥ. ಇಬ್ಬರೂ ಡೆಸ್ಕಿನ ಮೇಲೆ ತಲೆಯಿಟ್ಟು ನಕ್ಕೆವು, ಸದ್ದಿಲ್ಲದೆ. ಅಲ್ಲಿಂದ ನನ್ನ ಪಾಠ ಶುರುವಾಯಿತು. ಸಾಕು ಎನ್ನಲು ಅಂಗೈ ಹೇಗೆ ತೋರಿಸಬೇಕು, ರೇಡಿಯೋವನ್ನು ನಿಲ್ಲಿಸಲು ಎಷ್ಟು ಹುಬ್ಬು ಏರಿಸಬೇಕು, ಎಲ್ಲ ಅವಳೇ ಹೇಳಿಕೊಟ್ಟಳು. ಆಶ್ಚರ್ಯವೇನು ಗೊತ್ತೇ? ರೇಡಿಯೋ ನಿಂತ!

ಶನಿವಾರ ಬಂತು. ಅವತ್ತು ಕಿಟಕಿಯ ಸರದಿ. ಅಧ್ಯಕ್ಷರು ಬರುವ ದಿನವೂ ಅದೇ. ಮಗು ಎದ್ದು, ನನ್ನ ಕನ್ನಡಕ ಇಸಿದುಕೊಂಡು ಬೋರ್ಡಿನ ಬಳಿ ಹೋದಳು. ಅದನ್ನು ತಲೆಯ ಮೇಲೆ ಏರಿಸಿಕೊಂಡು ಮೇಜಿನಲ್ಲೆಲ್ಲ ಹುಡುಕಿದಳು. ಪುಸ್ತಕದ ಕೆಳಗೆ ನೋಡಿದಳು. ಸಿಗದ ಸಿಟ್ಟಿಗೆ ಮುಂದಿನ ಬೆಂಚಿನವನನ್ನು ದುರುಗುಟ್ಟಿ ನೋಡಿದಳು. ಅದು ನಾನೇ! ಮಕ್ಕಳು ಬಿದ್ದು ಬಿದ್ದು ನಕ್ಕವು. ಆಮೇಲೆ ಬೀಗದ ಕೈ ಗೊಂಚಲು ಆಡಿಸುತ್ತಾ ಒಂದು ನಡಿಗೆ ನಡೆದಳು. ಅದು ಯಾರೆಂದು ನಾನು ಹೇಳುವುದಿಲ್ಲ, ನನಗಿನ್ನೂ ನೌಕರಿ ಬೇಕು.

ಕೊನೆಗೆ, ಹೊಟ್ಟೆ ಮುಂದೆ ಮಾಡಿ, ಇಲ್ಲದ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆಳೆದಳು. ಗಡಿಯಾರ ನೋಡಿದಳು. ಮತ್ತೆ ಬೆಲ್ಟ್ ಎಳೆದಳು. ತರಗತಿಯ ನಗು ಗಪ್ಪನೆ ನಿಂತಿತು. ಯಾಕೆಂದರೆ ಬಾಗಿಲಲ್ಲಿ ಅಧ್ಯಕ್ಷರು ನಿಂತಿದ್ದರು. ನಿಂತವರು, ಅಭ್ಯಾಸಬಲ ನೋಡಿ, ಬೆಲ್ಟ್ ಎಳೆಯುತ್ತಿದ್ದರು! ಕಿಟಕಿ ತಿರುಗಿದಳು. ಇವಳ ಕೈ ಬೆಲ್ಟಿನ ಮೇಲೆ, ಅವರ ಕೈ ಬೆಲ್ಟಿನ ಮೇಲೆ. ಮಗುವಿನ ಕಥೆ ಮುಗಿಯಿತು ಎಂದುಕೊಂಡೆ.

ಆಗ ಅಧ್ಯಕ್ಷರು ನಕ್ಕರು. ಸಾರ್, ಇಲ್ಲ ಎನ್ನಬೇಡಿ, ನಕ್ಕಿರಿ. ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ಆಮೇಲೆ ಕೆಮ್ಮಿ, ಗಂಭೀರವಾಗಿ, "ಸೋಮವಾರ ನೋಡೋಣ" ಎಂದು ಹೊರಟುಹೋದಿರಿ.

ಸಭಿಕರೇ, ಆ ಸೋಮವಾರ ಇನ್ನೂ ಬಂದಿಲ್ಲ. ಕಚೇರಿಗೆ ಹೋಗಿ ಕೇಳಿದರೆ, ಸ್ನಾನ ಮಾಡುತ್ತಿದ್ದಾರೆ ಎಂಬಂಥ ಉತ್ತರ ಬರುತ್ತದೆ. ಆ ಮಗುವಿನ ತಾಯಿ ಇವತ್ತು ಡ್ಯೂಟಿ ಬದಲಾಯಿಸಿಕೊಂಡು ಬಂದು ಕೊನೆಯ ಸಾಲಿನಲ್ಲಿ ಕೂತಿದ್ದಾರೆ. ಅದಕ್ಕೇ ವರದಿಯನ್ನು ಮನೆಯಲ್ಲಿ ಬಿಟ್ಟು ಬಂದೆ. ಸಾರ್, ಎಲ್ಲರ ಎದುರಿಗೆ ಕೇಳುತ್ತಿದ್ದೇನೆ, ಕಿಟಕಿ ನಮ್ಮಲ್ಲೇ ಮೂರನೇ ತರಗತಿಗೆ ಬರಬಹುದೇ?

ಏನು, ತಲೆ ಆಡಿಸಿದಿರಾ? ಇನ್ನೊಂದು ಸಲ ಆಡಿಸಿ ಸಾರ್, ಕೊನೆಯ ಸಾಲಿಗೂ ಕಾಣಲಿ. ಹಾಂ! ನೋಡಿದಿರಾ ಅಮ್ಮ?

ಸಭಿಕರೇ, ನೀವೆಲ್ಲ ಸಾಕ್ಷಿ. ನಮ್ಮ ಅಧ್ಯಕ್ಷರು ಒಂದೇ ಒಂದು ಮಾತೂ ಆಡದೆ ಉತ್ತರ ಕೊಟ್ಟರು, ನಮಗೆಲ್ಲ ಅರ್ಥವೂ ಆಯಿತು. ಇವರಿಗೆ ಬೇರೆ ಶಾಲೆ ನೋಡೋಣವೇ?

ಮುಂದಿನ ಕಾರ್ಯಕ್ರಮ ಕಿಟಕಿಯ ಮೂಕಾಭಿನಯ. ಎಲ್ಲಿಂದಲೋ ಒಂದು ನಿಜವಾದ ಬೆಲ್ಟನ್ನೂ ಸಂಪಾದಿಸಿದ್ದಾಳೆ. ವೇದಿಕೆಯ ಮೇಲಿರುವವರು ಯಾರೂ ಏಳಬಾರದು. ಗಂಟಲು ವಾಪಸು ಕೊಟ್ಟ ಡಾಕ್ಟರಿಗೂ, ಅದಿಲ್ಲದೆ ಬದುಕಲು ಕಲಿಸಿದ ಗುರುವಿಗೂ ನನ್ನ ಕೃತಜ್ಞತೆಗಳು. ಉಳಿದ ನಮಸ್ಕಾರವನ್ನು ಅವಳು ಕಲಿಸಿದಂತೆ, ಬಾಯಿ ಮುಚ್ಚಿಕೊಂಡೇ ಮಾಡುತ್ತೇನೆ.