ತೊಟ್ಟಿಲಿನಿಂದ ಇಳಿದವರು

ಈ ಕತೆಯನ್ನು ಮೊದಲು ಹೇಳಿದವರು ಸುಗ್ರಾ ಬೇಗಂ. ರಾಯಚೂರಿನಿಂದ ಮಾನ್ವಿಗೆ ಹೋಗುವ ರಸ್ತೆಯ ಮಗ್ಗುಲಿನ ವಿಹಾರ ಉದ್ಯಾನದಲ್ಲಿ ಟಿಕೀಟು ಹರಿದು ಕೊಡುತ್ತಿದ್ದ ಹಿರಿಯಾಕೆ. ಕಳೆದ ಶ್ರಾವಣದ ಜಡಿಮಳೆಯ ಒಂದು ಸಂಜೆ, ಓಣಿಯ ಕೆಲವರು ಅವರ ಪಡಸಾಲೆಯಲ್ಲಿ ಸೇರಿದ್ದಾಗ ಹೇಳಿದ್ದು.

ಉದ್ಯಾನ ಹೊಸದಾಗಿ ತೆರೆದಾಗ ದೇವದುರ್ಗದಿಂದಲೂ ಟೆಂಪೊ ತುಂಬಿ ಜನ ಬರುತ್ತಿದ್ದರು. ಎಲ್ಲರ ಕಣ್ಣೂ ಜಾಯಿಂಟ್ ವೀಲಿನ ಮೇಲೆ. ಅದನ್ನು ನಡೆಸುತ್ತಿದ್ದ ಯಂಕಣ್ಣ, ತೊಟ್ಟಿಲುಗಳೆಲ್ಲ ತುಂಬಿ ತೂಕ ಸರಿಹೋಗುವ ತನಕ ಗುಂಡಿ ಒತ್ತುತ್ತಿರಲಿಲ್ಲ. "ಇನ್ನೊಬ್ರು ಬರ್ರಿ, ಇನ್ನೊಬ್ರು!" ಎಂದು ಕೂಗುತ್ತಿದ್ದ. ಆಮೇಲೆ ಕೊರೊನಾ ಬಂದು ಬಾಗಿಲು ಮುಚ್ಚಿತು. ಮತ್ತೆ ತೆರೆದಾಗ ಜನ ಬರಲಿಲ್ಲ. ತುಕ್ಕು ಹಿಡಿದ ಚಕ್ರವನ್ನು ಮಾಲೀಕ ಗುಜರಿಗೆ ಮಾರಿದ.

"ಬಿಚ್ಚಾಕ ಬರೋ ಹಿಂದಿನ ದಿನ, ದೀಪ ಹಚ್ಚೋ ಹೊತ್ತು... ಹಿಂಗ ಮಳಿ," ಎಂದರು ಸುಗ್ರಾ ಬೇಗಂ. "ಯಂಕಣ್ಣಂದು ಒಂದ ಹಟ, ತುಂಬಿದ ಚಕ್ರ ಇನ್ನೊಂದ ಸಲ ತಿರಗಬೇಕು ಅಂತ. ಖಾಲಿ ಮೈದಾನಕ್ಕ ಕೂಗಿದ ನೋಡ್ರಿ, ಯಾರರ ಬರ್ರಿ ಅಂತ! ಹೆಸರು ಹಿಡೀಲಾರದ ಕರದ್ರ... ಯಾರ್ಯಾರು ಬರ್ತಾರ, ಗೊತ್ತದನು?"

"ಸಾಕ್ರಿ ಖಾಲಾ, ನಾ ಒಬ್ಬಾಕೀನ ಮನಿಗೆ ಹೋಗಬೇಕು," ಎಂದಳು ಪಕ್ಕದ ಮನೆಯ ಮಿನಾಜ್.

"ಎಲ್ಡ್ ಮಾರು ದೂರ ಅದ ನಿನ್ನ ಮನಿ. ಕುಂದ್ರು ಸುಮ್ನ."

ಯಂಕಣ್ಣನ ಹೆಂಡತಿ ಆದೆಮ್ಮ ಬುತ್ತಿ ಹಿಡಿದು ಹೋದಾಗ, ಕರೆಂಟಿಲ್ಲದೆಯೂ ಚಕ್ರ ತಿರುಗುತ್ತಿತ್ತು. ಪ್ರತಿ ತೊಟ್ಟಿಲೂ ಯಾರೋ ಕೂತ ಭಾರಕ್ಕೆ ಜಗ್ಗಿತ್ತು. ಆದರೆ ಕಣ್ಣಿಗೆ ಕಾಣುತ್ತಿದ್ದವನು, ಒಂದು ತೊಟ್ಟಿಲಲ್ಲಿ ಕೂತಿದ್ದ ಅವಳ ಗಂಡನೊಬ್ಬನೇ. ಅವನನ್ನು ಬಿಟ್ಟು ಹೋಗುವುದಿಲ್ಲವೆಂದು ಅವಳು ಮನಸ್ಸು ಗಟ್ಟಿ ಮಾಡಿಕೊಂಡಳು. ಆದರೆ ಗಂಡನ ಹೆಸರನ್ನು ಎಂದೂ ಬಾಯಲ್ಲಿ ಆಡಿದವಳಲ್ಲ. ಎಂದಿನಂತೆಯೇ ಕೂಗಿದಳು: "ರೀ, ಸಾಕು, ಇಳದು ಮನಿಗೆ ಬರ್ರಿ!"

ಚಕ್ರ ನಿಂತಿತು. ತೊಟ್ಟಿಲುಗಳು ಒಂದೊಂದಾಗಿ ಹಗುರಾದವು. ಯಂಕಣ್ಣ ಇಳಿದು ಅವಳ ಹಿಂದೆ ನಡೆದ. ಮನೆಯ ಹೊಸ್ತಿಲಲ್ಲಿ ನಿಂತು ಅವಳು ತಿರುಗಿ ನೋಡಿದರೆ, ಅವನ ಬೆನ್ನ ಹಿಂದಿನ ಕೆಸರಿನಲ್ಲಿ ಬರಿಗಾಲ ಹೆಜ್ಜೆಗಳು ಒತ್ತೊತ್ತಾಗಿ ಮೂಡುತ್ತಿದ್ದವು.

"ಬರ್ರಿ ಅಂದೆಲ್ಲ," ಎಂದ ಯಂಕಣ್ಣ, ತನ್ನದಲ್ಲದ ದನಿಯಲ್ಲಿ. "ಎಲ್ಲಾರೂ ಬಂದೀವಿ."

ಆದೆಮ್ಮ ಕದಲಲಿಲ್ಲ. ಬಾಗಿಲ ಚೌಕಟ್ಟಿಗೆ ಎರಡೂ ಕೈ ಕೊಟ್ಟು ನಿಂತು, ಓಣಿಗೆಲ್ಲ ಕೇಳುವಂತೆ ಕೂಗಿದಳು: "ಯಂಕಣ್ಣಾ! ನೀ ಒಬ್ಬಾವನ ಒಳಗ ಬಾ!"

ಅವನು ಹೊಸ್ತಿಲು ದಾಟಿದ. ಒಬ್ಬನೇ ಒಳಗೆ ಬಂದ. ಅವಳು ಅಗಳಿ ಹಾಕಿದಳು.

"ಹೆಸರು ಹಿಡದು ಗಂಡಗ ಬಾ ಅಂದ್ಲಂತ ಈ ಓಣಿ ಮಂದಿ ನಕ್ಕರು," ಎಂದರು ಸುಗ್ರಾ ಬೇಗಂ. "ನಗಲಿ ಬಿಡ್ರಿ... ಆಕಿ ಗಂಡನ್ನ ಉಳಿಸಿಕೊಂಡ್ಲು."

"ಮತ್ತ ಉಳದವ್ರು?" ಮಿನಾಜಳ ದನಿ ಸಣ್ಣದಾಗಿತ್ತು.

"ಉಳದವ್ರು... ಅವ್ರಿಗೆ ಹೊಳ್ಳಿ ಹೋಗ್ರಿ ಅಂತ ಯಾರೂ ಹೇಳಿಲ್ಲಲ್ಲ ಬೇಟಿ. ಹೋಗಬೇಕಂದ್ರ ಚಕ್ರನೂ ಇಲ್ಲ. ಆದೆಮ್ಮನ ಮನಿ ಮುಂದಿಂದ ಇಲ್ಲೀತನ, ಇದ ಓಣ್ಯಾಗ ಅದಾರ... ಯಾರರ ಕರೀತಾರೇನಂತ ಕಿವಿಗೊಟ್ಟು."

ಮಳೆ ಕಡಿಮೆಯಾಗಿತ್ತು. ಕೇಳುಗರು ಎದ್ದು ಚಪ್ಪಲಿ ಮೆಟ್ಟಿದರು. ಮಿನಾಜಳನ್ನು ನಡುವೆ ಇಟ್ಟುಕೊಂಡು, ಯಾರೂ ಯಾರಿಗೂ 'ಬರ್ರಿ' ಎನ್ನದೆ, ಮನೆಗಳಿಗೆ ಹೋದರು.